ಚಿಕ್ಕಪ್ಪನ ಕಾಲತರ್ಕ, ಇಬ್ಬರಿಗೆ ಒಂದು ಬ್ಯಾರನ್

ನಮ್ಮ ಚಿಕ್ಕಪ್ಪ ಕಂಪ್ಯೂಟರನ್ನು ಕಣ್ಣಾರೆ ಕಂಡವರೇ ಅಲ್ಲ. ಆದರೂ ಅದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದರು! ಹುಣಸೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಮೈಸೂರಿನ ಗೆಳೆಯರು ಕಳಿಸಿದ ಯಾವುದೋ ವಿದೇಶಿ ಪತ್ರಿಕೆ ಓದಿದಂದಿನಿಂದ ‘ಕಾಲತರ್ಕ’ದ ಹುಚ್ಚು. ಒಂದೇ ಯಂತ್ರದಲ್ಲಿ ಎರಡು ಪ್ರೋಗ್ರಾಂ ಒಟ್ಟಿಗೆ ಓಡುವಾಗ ಜಗಳವಾಡಬಾರದಲ್ಲ? ‘ಎಂದೆಂದಿಗೂ ಹೀಗಾಗಕೂಡದು’, ‘ಒಂದಲ್ಲ ಒಂದು ಹೊತ್ತಿಗೆ ಹೀಗಾಗಲೇಬೇಕು’ ಎಂದು ಕಾಲದ ನಿಯಮಗಳನ್ನು ಮೊದಲು ಬರೆದಿಟ್ಟರೆ, ಅದರಿಂದಲೇ ಪ್ರೋಗ್ರಾಂ ಹುಟ್ಟುತ್ತದಂತೆ! ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದವಳು ನಾನು, ನಂಬುತ್ತೇನೆಯೇ?

ಯಂತ್ರ ಇಲ್ಲದಿದ್ದರೇನು, ಜಗಳ ಮನೆಯಲ್ಲೇ ಇತ್ತು. ಹೊಗೆಸೊಪ್ಪನ್ನು ತೊಲೆಗಳಿಗೆ ತೂಗುಹಾಕಿ ಬೆಂಕಿಯ ಕಾವಿನಲ್ಲಿ ಬೇಯಿಸುವ ಇಟ್ಟಿಗೆ ಮನೆ, ಬ್ಯಾರನ್, ಇದ್ದದ್ದು ಒಂದು; ಪಾಲುದಾರರು ಇಬ್ಬರು, ಅಪ್ಪ ಮತ್ತು ಚಿಕ್ಕಪ್ಪ. ಹಿಂದಿನ ವರ್ಷ ಬೀಗದ ಕೈ ಅಪ್ಪನ ಹತ್ತಿರ, ಸೊಪ್ಪು ಕಟ್ಟುವ ಕಡ್ಡಿಗಳು ಚಿಕ್ಕಪ್ಪನ ಹತ್ತಿರ. ‘ಮೊದ್ಲು ಅವ್ನು ಕೊಡ್ಲಿ’ ಎಂದು ಇಬ್ಬರೂ ಕಾದು ಕೂತು, ಎರಡು ಮನೆಯ ಸೊಪ್ಪೂ ಕೊಳೆಯಿತು.

“ಈ ಸಲ್ವೂ ಅಂಗಾದ್ರೆ ಬ್ಯಾರನ್ ಒಡ್ದು ಇಟ್ಗೆ ಅಂಚ್ಕಂಡು ಬುಡಾನ,” ಎಂದಿದ್ದರು ಅಪ್ಪ. ಆಮೇಲೆ ಅಣ್ಣತಮ್ಮಂದಿರ ಮಾತೂ ಉಳಿಯುವಂತಿರಲಿಲ್ಲ.

ಚಿಕ್ಕಪ್ಪ ನಮ್ಮ ಜಗಲಿಯಲ್ಲಿ ಸೀಮೆಸುಣ್ಣದಿಂದ ಚೌಕಗಳನ್ನು ಬರೆದರು. ಹುಣಿಸೆ ಬೀಜ ಅಪ್ಪ, ಹರಳು ಬೀಜ ತಾವು. ಮೊದಲ ನಿಯಮ: ಇಬ್ಬರೂ ಒಟ್ಟಿಗೆ ಬ್ಯಾರನ್ ಒಳಗೆ ಎಂದೆಂದಿಗೂ ಇರಕೂಡದು. ಸೊಪ್ಪು ಬೆರೆತರೆ ಯಾರದು ಯಾವುದು ಎಂಬ ಜಗಳ! ಮಧ್ಯಾಹ್ನಕ್ಕೆ ಪ್ರೋಗ್ರಾಂ ಸಿದ್ಧ: ಬೀಗದ ಕೈ ಅಜ್ಜಿಗೆ, ಅಜ್ಜಿ ಯಾರಿಗೂ ಕೊಡತಕ್ಕದ್ದಲ್ಲ!

“ತಪ್ಪು ಎಲ್ಲದೆ, ತೋರ್ಸಮ್ಮಿ!”

“ತಪ್ಪೂ ಇಲ್ಲ ಚಿಕ್ಕಪ್ಪ, ಸೊಪ್ಪೂ ಇಲ್ಲ.”

ಪೆಚ್ಚಾಗಿ ಎರಡನೆಯ ನಿಯಮ ಸೇರಿಸಿದರು: ಕೇಳಿದವನಿಗೆ ಬೀಗದ ಕೈ ಒಂದಲ್ಲ ಒಂದು ಹೊತ್ತಿಗೆ ಸಿಗಲೇಬೇಕು. ಇಬ್ಬರೂ ಒಟ್ಟಿಗೆ ಕೇಳಿದರೆ? ಅಣ್ಣನಿಗೆ. ಯಾವ ಸ್ಥಿತಿಯೂ ತಪ್ಪಿಹೋಗದಂತೆ ಮೂರು ದಿನ ಬೀಜ ಸರಿಸಿದ್ದೇ ಸರಿಸಿದ್ದು.

“ಜಗ್ಲಿ ಸಾರುಸ್ಬೇಕು, ಎದ್ದೇಳ್ಲಾ! ಮೇಷ್ಟ್ರಂತೆ ಮೇಷ್ಟ್ರು!” ಎಂದರು ಅಜ್ಜಿ.

ನಾನು ಬಿಡುತ್ತೇನೆಯೇ? “ಅಪ್ಪ ಮುಗಿಸಿದ ಕೂಡಲೇ ಮತ್ತೆ ಕೇಳಿದರೆ? ಆಗಲೂ ಅವರಿಗೇ! ನೀವು ಕಾಯ್ತಾನೇ ಇರ್ಬೇಕು. ನಿಮ್ಮ ಎರಡನೇ ನಿಯಮ ಬಿತ್ತು!”

ಚಿಕ್ಕಪ್ಪ ಹರಳು ಬೀಜವನ್ನೇ ನೋಡುತ್ತ ಕೂತರು. “ನನ್ನ ಓದ್ಸಕ್ಕೆ ಅಂತ ಅವ್ನು ಇಸ್ಕೂಲು ಬುಟ್ಟ ಕಣಮ್ಮಿ. ನಾನು ಕಾದ್ರೆ ಏನಾದದು?”

“ಇದು ತರ್ಕ ಅಲ್ಲ ಚಿಕ್ಕಪ್ಪ!”

“ಅಲ್ಲ,” ಎಂದರು. ಬಾಗಿಲಲ್ಲಿ ಹಗ್ಗ ಹೊಸೆಯುತ್ತಿದ್ದ ಅಪ್ಪ ಎದ್ದು ಒಳಗೆ ಹೋದರು.

ಹೊಲದಲ್ಲಿ ಸೊಪ್ಪು ಮುರಿದ ದಿನ ಎರಡು ಮನೆಯ ಗಾಡಿಗಳೂ ಒಟ್ಟಿಗೇ ಬ್ಯಾರನ್ ಮುಂದೆ ಬಂದು ನಿಂತವು. ನಿಯಮದಂತೆ ಬೀಗದ ಕೈ ಅಪ್ಪನಿಗೆ. ಅವರು ಬಾಗಿಲು ತೆಗೆದು ತಿರುಗಿದರು.

“ಅದೇನ್ಲಾ ನೋಡ್ತಾ ನಿಂತಿದ್ದೀಯ? ಮೇಲಕ್ಕತ್ತು. ನಿನ್ ಸೊಪ್ಪು ಮ್ಯಾಲ್ಗಡೆ, ನಂದು ಕೆಳೀಕೆ.”

ಇಬ್ಬರೂ ಒಳಗೆ! “ಚಿಕ್ಕಪ್ಪ, ಮೊದಲ ನಿಯಮವೂ ಮುರೀತು!” ಎಂದು ಕೂಗಿದೆ.

ತೊಲೆಯ ಮೇಲೆ ಕೂತಿದ್ದ ಚಿಕ್ಕಪ್ಪ ತೋಳಿನಿಂದ ಕಣ್ಣೊರೆಸಿಕೊಂಡರು. ಒಲೆಗೆ ಇನ್ನೂ ಬೆಂಕಿ ಹಚ್ಚಿರಲಿಲ್ಲ. ಹೊಗೆಯೆಂದು ಹೇಳುವ ಹಾಗೂ ಇರಲಿಲ್ಲ.