ಬೆಳಕು ಕಂಡರೆ ಏಳುವ ಕೈಗಳು

ಕೆಲವರಿಗೆ ಕಾಲು ಹಿಡಿತದಲ್ಲಿರುವುದಿಲ್ಲ, ಊರೂರು ಅಲೆಯುತ್ತಾರೆ. ಕೆಲವರಿಗೆ ನಾಲಿಗೆ ಹಿಡಿತದಲ್ಲಿರುವುದಿಲ್ಲ, ಅವರ ವಿಷಯ ನಾನು ಹೇಳಬೇಕಾಗಿಲ್ಲ. ನನ್ನ ಹಿಡಿತದಲ್ಲಿ ಇಲ್ಲದಿರುವುದು ನನ್ನ ಎರಡು ಕೈಗಳು. ಕತ್ತಲಲ್ಲಿ ಎಲ್ಲಾದರೂ ಒಂದು ದೀಪ ಹೊತ್ತಿಕೊಂಡಿತೆಂದರೆ ಸಾಕು, ಅವು ನನ್ನನ್ನು ಒಂದು ಮಾತೂ ಕೇಳದೆ ಎದ್ದು ಎದೆಯ ಮುಂದೆ ಕೂಡಿಕೊಂಡುಬಿಡುತ್ತವೆ. ಹಾಸನದ ನಮ್ಮ ಮನೆಯಲ್ಲಿ ಮುಸ್ಸಂಜೆ ನಡುಮನೆಯ ಲೈಟು ಹಾಕಿದ ಕೂಡಲೇ ಎಲ್ಲರೂ ಇದ್ದಲ್ಲೇ ನಿಂತು ಕೈಮುಗಿಯಬೇಕಿತ್ತು. ನಮ್ಮದೋ ಹಳೆಯ ಟ್ಯೂಬ್‌ಲೈಟು. ಹತ್ತಾರು ಸಲ ಮಿಟುಕಿಸಿದ ಮೇಲೆಯೇ ಅದು ಮನಸ್ಸು ಮಾಡುತ್ತಿತ್ತು. ಅಷ್ಟು ಹೊತ್ತೂ ಕೈ ಇಳಿಸುವಂತಿರಲಿಲ್ಲ. "ಪೂರ್ತಿ ಹತ್ಕೊಳ್ಳಲಿ ಕಣೋ, ಆಮೇಲೆ ಇಳಿಸುವಂತೆ" ಎಂದು ಅಪ್ಪ ಕಣ್ಣು ಮುಚ್ಚಿಕೊಂಡೇ ಗದರುತ್ತಿದ್ದರು. ಅಪ್ಪ ಆಗಲೇ ಒಂದು ಹೊಸ ಸ್ಟಾರ್ಟರ್ ಹಾಕಿಸಿದ್ದರೆ ನನ್ನ ಭಕ್ತಿ ಇಷ್ಟು ಗಟ್ಟಿಯಾಗಿ ಬೇರೂರುತ್ತಿರಲಿಲ್ಲವೇನೋ.

ಕೊಚ್ಚಿಗೆ ಬಂದು ಇಪ್ಪತ್ತು ವರ್ಷವಾದರೂ ಕೈಗಳು ಹಾಸನದಲ್ಲೇ ಉಳಿದಿವೆ. ಕಾಕ್ಕನಾಡಿನ ನಮ್ಮ ಆಫೀಸಿನ ಮೊಗಸಾಲೆಯಲ್ಲಿ ಮನುಷ್ಯ ಕಂಡರೆ ತಾನೇ ಹೊತ್ತಿಕೊಳ್ಳುವ ದೀಪಗಳಿವೆ. ಸಂಜೆ ಮನೆಗೆ ಹೊರಟಾಗ ನಾನು ನಡೆದಂತೆಲ್ಲ ಒಂದೊಂದಾಗಿ ಹೊತ್ತುತ್ತವೆ, ನಾನು ಒಂದೊಂದಕ್ಕೂ ಮುಗಿಯುತ್ತೇನೆ. ಎದುರಿಗೆ ಬಂದವರು ಅದು ತಮಗೇ ಅಂದುಕೊಂಡು ತಾವೂ ಮುಗಿಯುತ್ತಾರೆ. ಹೊಸದಾಗಿ ಸೇರಿದ ಹುಡುಗಿಯರು, ಸಾರ್‌ಗೆ ಸ್ವಲ್ಪವೂ ಜಂಬವಿಲ್ಲ ಎಂದು ಮಾತಾಡಿಕೊಳ್ಳುತ್ತಾರಂತೆ. ನಾನು ಈವರೆಗೆ ಅದನ್ನು ತಿದ್ದಲು ಹೋಗಿಲ್ಲ. ವಿನಯವಂತ ಅನ್ನಿಸಿಕೊಳ್ಳಲು ಲೋಕದಲ್ಲಿ ಜನ ಎಷ್ಟೆಲ್ಲ ಕಷ್ಟಪಡುತ್ತಾರೆ, ನನಗೆ ಅದು ಕಟ್ಟಡದ ವಯರಿಂಗಿನಿಂದಲೇ ಸಿಕ್ಕಿಬಿಟ್ಟಿದೆ.

ಹೀಗೆ ನೆಮ್ಮದಿಯಾಗಿದ್ದವನನ್ನು ಹೆಂಡತಿ ಉಷಾ ಕಳೆದ ವರ್ಷ ಬೆಳಕಿನ ಕಲೆಯ ಉತ್ಸವಕ್ಕೆ ಕರೆದುಕೊಂಡು ಹೋದಳು. ತಿರುವನಂತಪುರದ ಹಾಸ್ಟೆಲಿನಲ್ಲಿದ್ದುಕೊಂಡು ಇತಿಹಾಸ ಓದುವ ಮಗಳು ಸಿರಿ ರಜೆಗೆ ಬಂದಿದ್ದಳು, ನೋಡಲೇಬೇಕು ಎಂದು ಹಟ ಹಿಡಿದಿದ್ದವಳು ಅವಳೇ. ತ್ರಿಪ್ಪುಣಿತ್ತುರದ ಮನೆಯಿಂದ ಮೆಟ್ರೋ ಹಿಡಿದು, ಆಮೇಲೆ ದೋಣಿ ಹತ್ತಿ, ಹಳೆಯ ಗೋದಾಮೊಂದಕ್ಕೆ ಹೋದೆವು. ಒಳಗೆ ಕಗ್ಗತ್ತಲೆ. ಸೂರಿನಿಂದ ನೂರಾರು ಬಲ್ಬುಗಳು ಬೇರೆ ಬೇರೆ ಎತ್ತರಕ್ಕೆ ಇಳಿಬಿದ್ದಿದ್ದವು. ಒಂದು ಇಲ್ಲಿ ಹೊತ್ತಿ ಆರುತ್ತಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು ಅಲ್ಲಿ. ಅದು ಏನನ್ನು ಹೇಳುತ್ತಿತ್ತೋ ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು? ಇಲ್ಲಿ ಮುಗಿದು ಕೈ ಇಳಿಸುವಷ್ಟರಲ್ಲಿ ಅಲ್ಲಿ ಹೊತ್ತುತ್ತಿತ್ತು. "ಕೈ ಜೇಬಲ್ಲಿ ಇಟ್ಕೊಳ್ರೀ" ಎಂದು ಉಷಾ ಎರಡು ಸಲ ಪಿಸುಗುಟ್ಟಿದಳು. ಆ ದಿನ ಹಾಕಿಕೊಂಡಿದ್ದ ಜುಬ್ಬಾಕ್ಕೆ ಜೇಬೇ ಇರಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಪಕ್ಕ ನಿಂತಿದ್ದ ಒಬ್ಬ ತಾಯಿ ತನ್ನ ಪುಟ್ಟ ಮಗಳಿಗೆ "ಕೈ ಕೂಪ್ಪಿಯಾಲ್ ಲೈಟ್ ಕತ್ತುಂ" ಅಂದಳು. ಕೈ ಮುಗಿದರೆ ಲೈಟು ಹತ್ತುತ್ತದೆ ಎಂದು ಆಕೆ ಕಂಡುಹಿಡಿದಿದ್ದಳು. ಮಗು ಕೈಮುಗಿಯಿತು. ಪುಣ್ಯಕ್ಕೆ ಅದೇ ಕ್ಷಣಕ್ಕೆ ಒಂದು ಬಲ್ಬು ಹೊತ್ತಿತು. ಆಮೇಲೆ ಕೇಳಬೇಕೆ? ಐದು ನಿಮಿಷದಲ್ಲಿ ಗೋದಾಮಿನ ತುಂಬ ಜನ ಸಾಲಾಗಿ ನಿಂತು ಕೈಮುಗಿಯುವುದು, ಹೊತ್ತಿದರೆ ಹಿಗ್ಗುವುದು, ಹೊತ್ತದಿದ್ದರೆ ಮುಗಿದದ್ದು ಸರಿಯಾಗಲಿಲ್ಲವೆಂದು ಇನ್ನೊಮ್ಮೆ ಮುಗಿಯುವುದು ನಡೆಯಿತು. ಒಬ್ಬರು ನನ್ನ ಹತ್ತಿರ ಬಂದು, ಬೆರಳುಗಳನ್ನು ಎಷ್ಟು ಬಿಗಿಯಾಗಿ ಜೋಡಿಸಬೇಕು ಎಂದು ವಿಚಾರಿಸಿಕೊಂಡು ಹೋದರು. ಉತ್ಸವದ ಕಾರ್ಯಕರ್ತೆ ಬಂದು, ಇದರಲ್ಲಿ ಪ್ರೇಕ್ಷಕರು ಏನೂ ಮಾಡಬೇಕಾಗಿಲ್ಲ, ದಯವಿಟ್ಟು ಸುಮ್ಮನೆ ನೋಡಿ ಎಂದು ಕೇಳಿಕೊಳ್ಳಬೇಕಾಯಿತು. ಸಿರಿಯನ್ನು ಹುಡುಕಿದರೆ ಅವಳು ಹೊರಗೆ ಚಹಾದ ಗಾಡಿಯ ಹಿಂದೆ ನಿಂತಿದ್ದಳು.

ವಾಪಸು ಬರುವಾಗ, ದೋಣಿಯಿಂದ ಇಳಿಯುವ ಹೊತ್ತಿಗೆ ವಿಷಯ ಹೊರಬಿತ್ತು. ಮುಂದಿನ ತಿಂಗಳು ತಿರುವನಂತಪುರದಲ್ಲಿ ಏಷ್ಯಾದ ಇತಿಹಾಸದ ಒಂದು ದೊಡ್ಡ ವಸ್ತುಪ್ರದರ್ಶನ, ನೋಡಲು ಬಂದವರಿಗೆ ವಿವರಿಸಲು ಅವಳ ಕಾಲೇಜಿನಿಂದ ಆಯ್ಕೆಯಾದ ನಾಲ್ವರಲ್ಲಿ ಅವಳೂ ಒಬ್ಬಳು. ವಿಭಾಗದ ಮುಖ್ಯಸ್ಥೆ ಟೀಚರ್ ಅಲ್ಲೇ ಇರುತ್ತಾರೆ, ಮುಂದೆ ಎಂಎಗೆ ಎಲ್ಲಿ ಹೋಗಬೇಕಾದರೂ ಅವರ ಶಿಫಾರಸು ಬೇಕು. ನಮ್ಮಿಬ್ಬರನ್ನೂ ಕರೆಯಬೇಕೆಂದಿದ್ದಳಂತೆ. "ಅಪ್ಪಾ, ಬರಬಹುದು. ಪಕ್ಷೇ ಅವಿಡೆ ಇದು ವೇಂಡ, ಪ್ಲೀಸ್" ಎಂದು ನನ್ನ ಕೈಗಳನ್ನು ತೋರಿಸಿದಳು. ಕನ್ನಡದಲ್ಲಿ ಶುರುಮಾಡಿ ಅರ್ಧಕ್ಕೆ ಮಲಯಾಳಕ್ಕೆ ಜಾರುವುದು ಅವಳಿಗೆ ಅಭ್ಯಾಸ. ಅಲ್ಲಿ ಇದು ಬೇಡ. ಹದಿನೆಂಟು ವರ್ಷ ಇದೇ ಕೈ ಹಿಡಿದುಕೊಂಡು ನಡೆದವಳು ಅದನ್ನು ಹಾಗೆ ತೋರಿಸಿದ್ದು ನೋಡಿ ನನಗೆ ನಿಜವಾಗಿ ನೋವಾಯಿತು. ಬೇಡ ಅಂದರೆ ಬೇಡ ಎಂದು ಮಾತು ಕೊಟ್ಟೆ.

ಒಂದು ತಿಂಗಳು ಅಭ್ಯಾಸ ನಡೆಯಿತು. ಸಂಜೆ ಉಷಾ ಸ್ವಿಚ್ ಹಾಕುವುದು, ನಾನು ಕೈ ತಡೆಯುವುದು. ಮೊದಮೊದಲು ಎರಡು ಕೈಯಲ್ಲೂ ಚೀಲ ಹಿಡಿದು ನೋಡಿದೆ, ಅದು ಪರವಾಗಿಲ್ಲ ಅನ್ನಿಸಿತು. ಆದರೆ ಪ್ರದರ್ಶನದಲ್ಲಿ ಚೀಲಗಳನ್ನು ಬಾಗಿಲಲ್ಲೇ ಇಡಬೇಕೆಂದು ಸಿರಿ ಫೋನಿನಲ್ಲಿ ಹೇಳಿದಳು. ಕೊನೆಗೆ ಒಂದು ಉಪಾಯ ಹೊಳೆಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎಡ ಮಣಿಕಟ್ಟನ್ನು ಬಲಗೈಯಿಂದ ಬಿಗಿಯಾಗಿ ಹಿಡಿದುಕೊಳ್ಳುವುದು. ತಪಾಸಣೆಗೆ ಬಂದ ಜಿಲ್ಲಾಧಿಕಾರಿಯಂತೆ ಕಾಣುತ್ತೀರಿ ಎಂದು ಉಷಾ ಅಂದಳು. ನನಗೂ ಅದು ಇಷ್ಟವಾಯಿತು.

ಆ ದಿನ ಬೆಳಗಿನ ರೈಲಿಗೆ ನಾನೊಬ್ಬನೇ ಹೋದೆ, ಉಷಾಳಿಗೆ ರಜೆ ಸಿಗಲಿಲ್ಲ. ಹಗಲು ಹನ್ನೊಂದಾದ್ದರಿಂದ ಅಪಾಯವಿಲ್ಲ ಅಂದುಕೊಂಡು ಒಳಹೊಕ್ಕರೆ ಸಭಾಂಗಣ ಕತ್ತಲೆಯಾಗಿತ್ತು. ಹಳೆಯ ಬಟ್ಟೆ ಮತ್ತು ಕಾಗದಗಳಿಗೆ ಬೆಳಕು ಆಗಿಬರುವುದಿಲ್ಲವಂತೆ. ಹಾಗಾಗಿ ಯಾರಾದರೂ ಹತ್ತಿರ ಬಂದಾಗ ಮಾತ್ರ ಆಯಾ ಗಾಜಿನ ಪೆಟ್ಟಿಗೆಯ ದೀಪ ಹೊತ್ತುತ್ತದೆ. ನನ್ನ ಕೈಗಳಿಗೆ ಗಡಿಯಾರ ನೋಡಲು ಬರುವುದಿಲ್ಲ. ಕತ್ತಲೆ ಇದ್ದು ದೀಪ ಬಂದರೆ ಅವುಗಳಿಗೆ ಅದು ಸಂಜೆ. ಜಾವಾದ ತೊಗಲುಗೊಂಬೆ ಬೆಳಗಿತು, ತಡೆದೆ. ಜಪಾನಿನ ಬೀಸಣಿಗೆ ಬೆಳಗಿತು, ತಡೆದೆ. ಅರಬ್ಬರ ನಕ್ಷತ್ರ ನೋಡುವ ಯಂತ್ರದ ಮುಂದೆ ಮಣಿಕಟ್ಟು ಒಮ್ಮೆ ಕೊಸರಿತು, ಅದನ್ನೂ ತಡೆದೆ. ಸಿರಿ ದೂರದಿಂದ ನೋಡಿ ನಕ್ಕಳು. ಇತಿಹಾಸ ಏನೂ ತಲೆಗೆ ಹೋಗಲಿಲ್ಲ, ಆದರೆ ಹೆಮ್ಮೆಯೆನಿಸಿತು.

ಅಷ್ಟರಲ್ಲಿ ಅವಳು ಟೀಚರನ್ನು ಕರೆದುಕೊಂಡು ಬಂದಳು. ನರೆತ ಕೂದಲಿನ, ಜರಿಯಂಚಿನ ಬಿಳಿ ಕಸವು ಸೀರೆಯ ಶಾಂತ ಹೆಂಗಸು. "ಸಿರಿಯ ಅಪ್ಪ ಅಲ್ಲವೇ? ನಮಸ್ಕಾರಂ" ಎಂದು ಕೈಮುಗಿದರು. ಅದೇ ಗಳಿಗೆಗೆ ಅವರ ಪಕ್ಕದ ಪೆಟ್ಟಿಗೆಯ ದೀಪ ಹೊತ್ತಿತು. ನನ್ನ ಕೈಗಳು ಏಳಲು ಹೊರಟವು. ನಾನು ಸೋಲಲಿಲ್ಲ. ಇದ್ದ ಬಲವನ್ನೆಲ್ಲ ಹಾಕಿ ಮಣಿಕಟ್ಟನ್ನು ಹಿಂದಕ್ಕೆ ಎಳೆದು ಹಿಡಿದು, ಎದೆ ಸೆಟೆಸಿ, ತಲೆಯನ್ನು ಮಾತ್ರ ಒಂದಿಷ್ಟು ಆಡಿಸಿದೆ. ಟೀಚರ್ ಮುಗಿದ ಕೈಯನ್ನು ನಿಧಾನವಾಗಿ ಇಳಿಸಿ ಆಚೆ ತಿರುಗಿದರು. ಸಿರಿಯ ಮುಖ ಬಿಳಿಚಿಕೊಂಡಿತು. ನಾನು ಗೆದ್ದದ್ದೇನು ಎಂದು ನನಗೆ ಆಗ ಅರಿವಾಯಿತು. ಆ ಸಭಾಂಗಣದಲ್ಲಿ ನಾನು ಕೈಮುಗಿಯಲೇಬೇಕಾಗಿದ್ದ ಒಬ್ಬರೇ ಒಬ್ಬರು ಅವರು, ಅವರಿಗೇ ಮುಗಿದಿರಲಿಲ್ಲ.

ಹಡಗಿನ ಮಾದರಿಯೊಂದರ ಹಿಂದೆ ಸ್ವಲ್ಪ ಹೊತ್ತು ಬೆವರಿದೆ. ಮಗಳ ಎಂಎ ನನ್ನ ಬೆನ್ನ ಹಿಂದೆಯೇ ಮುರಿದುಬಿದ್ದಿತ್ತು. ಹೋಗಿ ಕ್ಷಮೆ ಕೇಳುವುದೆಂದು ಹತ್ತಿರ ಬಂದಾಗ ಸಿರಿ ಟೀಚರಿಗೆ ಮಲಯಾಳದಲ್ಲಿ ಹೇಳುತ್ತಿದ್ದುದು ಕೇಳಿಸಿತು. "ಅಪ್ಪನಿಗೆ ಅದೊಂದು ವ್ರತ ಟೀಚರ್. ನಮ್ಮ ಮನೆಯ ಪದ್ಧತಿ. ಮೊದಲು ಬೆಳಕಿಗೆ ಮುಗಿದ ಮೇಲೆಯೇ ಮನುಷ್ಯರಿಗೆ. ಈಗ ಬಂದು ಮುಗೀತಾರೆ, ನೋಡಿ." ನಮ್ಮ ಮನೆಯ ಪದ್ಧತಿ ಅಂದಳಲ್ಲ, ನನಗೆ ಅಷ್ಟೇ ಸಾಕಾಯಿತು. ನೇರವಾಗಿ ಟೀಚರ್ ಮುಂದೆ ಹೋಗಿ ನಿಂತು, ಬೆನ್ನ ಹಿಂದಿನ ಗಂಟು ಬಿಚ್ಚಿ, ಮನಸ್ಸಿಟ್ಟು ಅವರಿಗೆ ಕೈಮುಗಿದೆ. ಅವರ ಹಿಂದಿನ ಪೆಟ್ಟಿಗೆ ಬೆಳಗಿತು. ಟೀಚರ್ ಮುಖ ಅರಳಿತು. "ಅಯ್ಯೋ, ನಾನು ಅಡ್ಡ ನಿಂತುಬಿಟ್ಟೆ" ಎಂದು ಬಹಳ ಗೌರವದಿಂದ ಪಕ್ಕಕ್ಕೆ ಸರಿದು, ಅಲ್ಲಿದ್ದ ಮಕ್ಕಳಿಗೂ ಸರಿಯಲು ಸನ್ನೆ ಮಾಡಿದರು.

ಎಲ್ಲರೂ ಸರಿದು ನಿಂತರು. ನನಗೂ ಗಾಜಿಗೂ ನಡುವೆ ಈಗ ಯಾರೂ ಇರಲಿಲ್ಲ. ಒಳಗೆ, ಮೆತ್ತನೆಯ ಬೆಳಕಿನಲ್ಲಿ, ಚೀನಾದಿಂದ ಬಂದ ನೀಲಿ ಹೂವಿನ ಒಂದು ಪಿಂಗಾಣಿ ಪಾತ್ರೆ. ಕೆಳಗಿನ ಚೀಟಿ ಓದಿದೆ. ಪೀಕದಾನಿ, ಹಡಗಿನ ಯಜಮಾನ ಎಲೆಯಡಿಕೆ ಜಗಿದು ಉಗುಳಲು ಬಳಸುತ್ತಿದ್ದುದು. ಕೈ ಇಳಿಸಿಬಿಡಬಹುದಿತ್ತು. ಆದರೆ ಇಳಿಸಿದರೆ ಮಗಳು ಹೇಳಿದ್ದು ಸುಳ್ಳಾಗುತ್ತದೆ. ಕಣ್ಣು ಮುಚ್ಚಿಕೊಂಡು, ಪೆಟ್ಟಿಗೆಯ ದೀಪ ತಾನಾಗಿ ಆರುವವರೆಗೂ ಅದಕ್ಕೆ ಭಕ್ತಿಯಿಂದ ಕೈಮುಗಿದು ನಿಂತೆ.