ಚುಕ್ಕಿಯ ಕೆಮ್ಮು

ರೇವತಿ ಅಕ್ಕಿರೊಟ್ಟಿಯನ್ನು ಹೆಂಚಿನ ಮೇಲೆ ಮಗುಚುತ್ತಿದ್ದಾಗ ಹಿತ್ತಲಿನಿಂದ ಒಂದು ಸದ್ದು ಬಂತು. ಎಣ್ಣೆ ಕಾಣದ ಗೇಟನ್ನು ಯಾರೋ ಅರ್ಧ ತೆರೆದು ಕೈಬಿಟ್ಟ ಹಾಗಿತ್ತು. ಅವಳು ರೊಟ್ಟಿ ಬಿಟ್ಟು ಹಿತ್ತಲ ಬಾಗಿಲಲ್ಲಿ ಇಣುಕಿದಳು. ಕೂಗಿದ್ದು ಚುಕ್ಕಿ.

ಚುಕ್ಕಿ ಹೇಂಟೆಯೆಂದೇ ಎಲ್ಲರೂ ತಿಳಿದಿದ್ದರು. ತಾಯಿಕೋಳಿ ಬಿಟ್ಟುಹೋದ ಮರಿಯನ್ನು ರೇವತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಒಲೆಯ ಪಕ್ಕದಲ್ಲೇ ಸಾಕಿ ದೊಡ್ಡದು ಮಾಡಿದ್ದಳು. ಅವಳು ಮಾತಾಡಿದರೆ ಪೂರ್ತಿ ಕೇಳುವ ಜೀವ ಆ ಮನೆಯಲ್ಲಿ ಅದೊಂದೇ. ಈಚೆಗೆ ಜುಟ್ಟು ಕೆಂಪೇರಿದ್ದು, ಬಾಲದ ಗರಿ ಬಾಗಿದ್ದು ಕಂಡರೂ ಅವಳು ಕಾಣದ ಹಾಗಿದ್ದಳು. ಹೇಂಟೆಯಾದರೆ ಮೊಟ್ಟೆಗೆಂದು ಉಳಿಯುತ್ತದೆ. ಹುಂಜ ಬಲಿತರೆ ಸಾರಿಗೆ.

ಅದೂ ಇವತ್ತೇ ಕೂಗಬೇಕೆ? ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಗಂಡ ನಾಗೇಶನಿಗೆ ಭಾನುವಾರದ ರಜೆ. ಮಧ್ಯಾಹ್ನದ ಊಟಕ್ಕೆ ಸಂಸೆಯಿಂದ ಅವನ ಅಕ್ಕನ ಗಂಡ ಜಯಪ್ರಕಾಶ್ ಬರುವವರಿದ್ದರು.

"ಹಿತ್ಲಲ್ಲಿ ಹುಂಜ ಕೂಗಿದ ಹಾಗಾಯ್ತಲ್ಲ," ನಾಗೇಶ ಅಡುಗೆಮನೆಗೆ ಇಣುಕಿದ. "ಬಲ್ತಿದ್ರೆ ಭಾವಂಗೆ ಅದ್ನೇ ಕೊಯ್ಯಣ."

"ಹುಂಜ ಎಲ್ಲಿಂದ ಬರ್ಬೇಕು? ನಾನು ಕೆಮ್ಮಿದ್ದು," ಎಂದ ರೇವತಿ, ನಂಬಲೆಂದು ಒಮ್ಮೆ ಕೆಮ್ಮಿಯೂ ತೋರಿಸಿದಳು.

"ಅದೆಂಥ ಕೆಮ್ಮೇ ಮಾರಾಯ್ತಿ."

ಅಲ್ಲಿಂದ ಶುರುವಾಯಿತು. ಹೊಸದಾಗಿ ಗಂಟಲು ಒಡೆದ ಉತ್ಸಾಹದಲ್ಲಿ ಚುಕ್ಕಿ ಮತ್ತೆ ಮತ್ತೆ ಕೂಗಿತು. ಕೂಗಿದಾಗೆಲ್ಲ ರೇವತಿ ಕೆಮ್ಮಿದಳು. ಚಟ್ನಿ ನುಣ್ಣಗಾದ ಮೇಲೂ ಮಿಕ್ಸಿ ಓಡಿಸಿದಳು. ಸೌದೆ ಕೊಟ್ಟಿಗೆಗೆ ಒಯ್ದು ಬುಟ್ಟಿ ಮುಚ್ಚಿದರೆ ಅದು ಬುಟ್ಟಿಯೊಳಗಿಂದಲೇ, ಬಾವಿಗೆ ಬಿದ್ದ ಭಾಗವತರ ಹಾಗೆ, ಕೂಗಿತು.

ಗೋಡೆಗೆ ಗೋಡೆ ಅಂಟಿದ ಮನೆಗಳು. ಪಕ್ಕದ ಮನೆಯ ನಂಜಮ್ಮ ಕರಿಮೆಣಸಿನ ಕಷಾಯ ತಂದು, ಎದುರು ನಿಂತು ಕುಡಿಸಿದರು. ಕಷಾಯ ಬಾಯಲ್ಲಿದ್ದಾಗಲೇ ಚುಕ್ಕಿ ಕೂಗಿತು. ರೇವತಿ ಕಷಾಯ ಸಮೇತ ಕೆಮ್ಮಿದಳು. ನಂಜಮ್ಮ ಸೀರೆ ಬದಲಿಸಲು ಹೋದರು.

ಇನ್ನೇನು ನಾಗೇಶ ಬ್ರಾಯ್ಲರ್ ಕೋಳಿ ತರಲು ಕಳಸಕ್ಕೆ ಹೊರಡಬೇಕು, ಮನೆ ಮುಂದೆ ಜೀಪು ನಿಂತಿತು. ಇಳಿದ ಭಾವನ ಮೈಮೇಲೆ ಕಪ್ಪು ಬಟ್ಟೆ, ಕೊರಳಲ್ಲಿ ಅಯ್ಯಪ್ಪನ ಮಾಲೆ. ಮೊನ್ನೆ ಹಾಕಿಕೊಂಡರಂತೆ, ಫೋನ್ ಮಾಡಿ ಹೇಳಲು ಮರೆತರಂತೆ. ರೇವತಿಗೆ ಅವರ ಕಾಲಿಗೆ ಬೀಳಬೇಕೆನಿಸಿತು; ಬಿದ್ದೇಬಿಟ್ಟಳು. ಸೌತೆಕಾಯಿ ಹುಳಿಗೆ ಒಗ್ಗರಣೆ ಹಾಕುವಾಗ ಹಾಡೂ ಬಂತು.

ಭಾವ ಉಂಡು ಹೊರಟ ಮೇಲೆ ನಂಜಮ್ಮ ಬೇರೆ ಸೀರೆಯಲ್ಲಿ ಮತ್ತೆ ಬಂದರು. ಈ ಸಲ ಬಂದದ್ದು ನಾಗೇಶನ ಹತ್ತಿರ.

"ಇದು ಕಷಾಯಕ್ಕೆ ಬಗ್ಗೋ ಕೆಮ್ಮಲ್ಲ ರೈಟ್ರೇ. ಮೊಟ್ಟೆಗೆ ಬರ್ದಿರೋ ಹೇಂಟೆ ಕೊಯ್ದು, ಮೆಣಸು ಹಾಕಿ ಸಾರು ಮಾಡ್ಕೊಡಿ. ಹುಂಜ ಆಗದಿಲ್ಲ, ಉಷ್ಣ. ನಿಮ್ಮ ಚುಕ್ಕಿ ಇದೆಯಲ್ಲ, ಅದೇ ಸರಿ."

ರೇವತಿ ಬಾಯಿ ತೆರೆದಳು. ಹುಂಜ ಎಂದರೆ ಮುಂದೆ ಬರುವ ನೆಂಟರಿಗೆ ಸಾರು. ಹೇಂಟೆ ಎಂದರೆ ತನಗೇ ಸಾರು. ಬಾಯಿ ಮುಚ್ಚಿದಳು.

"ನಾಳೆ ಸೋಮವಾರ, ಕೊಯ್ಯ ಹಾಗಿಲ್ಲ," ಎಂದ ನಾಗೇಶ. ಮದುವೆಯಾದಾಗಿನಿಂದ ಒಲೆ ಮುಂದೆ ನಿಂತವನಲ್ಲ. ಈಗ ಹೆಂಡತಿಯನ್ನು ಕನಿಕರದಿಂದ ನೋಡಿದ. "ಮಂಗ್ಳವಾರ ನಾನೇ ಮಾಡ್ಕೊಡ್ತೀನಿ. ನೀನು ಹೋಗಿ ಮಲ್ಕ."

ಮಲಗುವ ನೆಪದಲ್ಲಿ ಅವಳು ಕೊಟ್ಟಿಗೆಗೆ ಹೋಗಿ ಬುಟ್ಟಿ ಎತ್ತಿದಳು. ಒಂದು ಸೋಮವಾರವಾದರೂ ಸಿಕ್ಕಿತಲ್ಲ ಎಂದು ಜೀವ ಹಗುರಾಯಿತು. ಬೇಲಿಯಾಚೆ ನಂಜಮ್ಮ ತಮ್ಮ ಕೋಳಿಗಳನ್ನು ಗೂಡಿಗೆ ಕರೆಯುತ್ತಿದ್ದರು. ಗುಂಡಗಿನ ಹೇಂಟೆಗಳು, ಒಂದೂ ಇನ್ನೂ ಮೊಟ್ಟೆಗೆ ಬಂದಿಲ್ಲ. ರೇವತಿ ಅವನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತಳು.

ಬೆಳಗಾಗುವುದರೊಳಗೆ ತನಗೆ ವಾಸಿಯಾಗಿರಬೇಕು. ನಾಳೆಯಿಂದ ಚುಕ್ಕಿ ಕೂಗಿದರೆ ಆ ಕೆಮ್ಮು ಗೋಡೆಯಾಚೆಯ ನಂಜಮ್ಮನದು.