ಬಾಯಿ ಬಿಡದ ಕರಿ ಮನೆಯವರಿಗೆ

ಶ್ರೀಯುತ ಕರಿ ಮನೆಯವರು,
ಮೇಲಿನ ಸಾಲು, ಮೂರರ ಗುಂಪಿನಲ್ಲಿ ನಡುವಿನವರು,
ಹಳೆಯ ಎಲೆಕ್ಟ್ರಾನಿಕ್ ಆರ್ಗನ್,
ನಮ್ಮ ಊಟದ ಕೋಣೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಮನೆಯವರು ದಿನವೂ ಕೆಲಸದಿಂದ ಬಂದವರು ಚಪ್ಪಲಿ ಕಳಚುವ ಮೊದಲೇ ತಮ್ಮ ಯೋಗಕ್ಷೇಮ ವಿಚಾರಿಸುವುದರಿಂದ, ನನ್ನ ಯೋಗಕ್ಷೇಮವನ್ನು ಆಮೇಲೆ, ನೆನಪಾದರೆ, ವಿಚಾರಿಸುವುದರಿಂದ, ಈ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಇತ್ತ ನಾವೂ ತಮ್ಮ ದಯೆಯಿಂದ ಸೋಫಾದ ಮೇಲೆ ಸಾಲಾಗಿ ಕೂತು, ತಟ್ಟೆಯನ್ನು ಮಂಡಿಯ ಮೇಲಿಟ್ಟುಕೊಂಡು ಊಟ ಮಾಡುತ್ತ ಕ್ಷೇಮವಾಗಿದ್ದೇವೆ.

ನನ್ನ ಪರಿಚಯ ಹೇಳಿಕೊಳ್ಳಬೇಕಾದದ್ದು ಮರ್ಯಾದೆ. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ ಮಾಡುವವಳು. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಿಲ್ಲದವರು, ಪಕ್ಕದವರ ನೀರು ತಮ್ಮ ಗೋಡೆಯಲ್ಲಿ ಬರುತ್ತಿರುವವರು ಬರೆಯುವ ಪತ್ರಗಳಿಗೆಲ್ಲ "ತಮ್ಮ ಪತ್ರ ತಲುಪಿದೆ, ವಿಷಯ ಪರಿಶೀಲನೆಯಲ್ಲಿದೆ" ಎಂದು ಉತ್ತರ ಬರೆದು ನನ್ನ ಕೈ ಪಳಗಿದೆ. ಆದರೆ ದೂರನ್ನು ನಾನೇ ಬರೆಯುತ್ತಿರುವುದು ಇದೇ ಮೊದಲು. ಇದನ್ನು ತಮ್ಮ ನೆತ್ತಿಯ ಮೇಲಿನ, ಹಾಡಿನ ಹಾಳೆ ಇಡುವ ಹಲಗೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ನಿಲ್ಲಿಸುತ್ತಿದ್ದೇನೆ. ಓದುವವರು ಓದಲಿ.

ತಮ್ಮನ್ನು "ಮನೆಯವರೇ" ಎಂದು ಕರೆದದ್ದಕ್ಕೆ ಬೇಸರಿಸಬಾರದು. ನಮ್ಮ ಯಜಮಾನರ ಅಕ್ಕ, ಮದುವೆಯಾದಂದಿನಿಂದ ನನಗೂ ಅಕ್ಕನೇ ಆದವರು, ಚಿಕ್ಕಂದಿನಲ್ಲಿ ಕಲಿತದ್ದು ಹಾರ್ಮೋನಿಯಂ. ಅಲ್ಲಿಯ ಅಭ್ಯಾಸದಿಂದ ಆರ್ಗನ್ನಿನ ಮೇಲೊಂದು ಕೆಳಗೊಂದು ಸಾಲು ಕೀಲಿಗಳನ್ನೂ ಅವರು ಬಿಳಿ ಮನೆ, ಕರಿ ಮನೆ ಎಂದೇ ಕರೆಯುತ್ತಾರೆ. ಅದು ನನ್ನ ಬಾಯಿಗೂ ಅಂಟಿಕೊಂಡಿದ್ದರಿಂದ, ನಮ್ಮ ಮನೆಯಲ್ಲಿ ನಮ್ಮ ಮನೆಯವರು ಮನೆಗಳನ್ನೆಲ್ಲ ಬಿಚ್ಚಿಕೊಂಡು ಕೂತಿದ್ದಾರೆ, ಒಂದು ಮನೆಯಂತೂ ಜಪ್ಪಯ್ಯ ಅಂದರೂ ಬಾಯಿ ಬಿಡುತ್ತಿಲ್ಲ ಎಂದು ನಾನು ಕಚೇರಿಯಲ್ಲಿ ಗೋಳು ಹೇಳಿಕೊಂಡಾಗ, ಪಕ್ಕದ ಮೇಜಿನವರು ಕನಿಕರದಿಂದ ಒಬ್ಬ ಗಾರೆ ಮೇಸ್ತ್ರಿಯ ನಂಬರನ್ನೂ, ನೆರೆಹೊರೆಯವರ ಜೊತೆ ಹೊಂದಿಕೊಂಡು ಹೋಗಬೇಕೆಂಬ ಬುದ್ಧಿವಾದವನ್ನೂ ಕೊಟ್ಟರು. ಮೇಸ್ತ್ರಿ ಮರುದಿನವೇ ಅಳತೆಪಟ್ಟಿ ಹಿಡಿದು ಬಂದರು. ತಮ್ಮನ್ನು ತೋರಿಸಿ ಕಳಿಸಿದೆ.

ತಾವು ನಮ್ಮಲ್ಲಿಗೆ ದಯಮಾಡಿಸಿದ ಬಗೆ ತಮಗೆ ನೆನಪಿರಬಹುದು. ಅಕ್ಕ ಪ್ರಾಯದ ದಿನಗಳನ್ನೆಲ್ಲ ಒಂದು ಸ್ಕೇಟಿಂಗ್ ಅಂಗಳದಲ್ಲಿ ಇದೇ ಆರ್ಗನ್ ನುಡಿಸುತ್ತ ಕಳೆದವರು. ಕಾಲಿಗೆ ಗಾಲಿ ಕಟ್ಟಿಕೊಂಡ ಜನ ಗರಗರ ಸುತ್ತುತ್ತಿದ್ದರೆ, ಮೂಲೆಯ ಕಟ್ಟೆಯ ಮೇಲೆ ಕೂತು ಆ ಸುತ್ತಿಗೆ ತಕ್ಕ ಹಾಡು ಕೊಡುವುದು ಅವರ ಉದ್ಯೋಗ. ಅಂಗಳ ಮುಚ್ಚಿ ಟಯರಿನ ಗೋದಾಮಾದಾಗ ಅದರ ಮಾಲೀಕರು "ಬೇಕಾದ್ರೆ ಹೊತ್ಕೊಂಡು ಹೋಗಿ" ಎಂದು ಸಿಡುಕಿದ್ದನ್ನು ನಮ್ಮ ಮನೆಯವರು ಆಮಂತ್ರಣವೆಂದು ತಿಳಿದರು. ನಾಲ್ಕು ಜನ ಹೊತ್ತು ತಂದ ತಮ್ಮ ಸವಾರಿ ಬಾಗಿಲಲ್ಲಿ ತೂರದೆ ಹೋದದ್ದರಿಂದ ಊಟದ ಕೋಣೆಯ ಬಾಗಿಲನ್ನು ಕಳಚಬೇಕಾಯಿತು, ಕೋಣೆಯಲ್ಲಿ ಜಾಗ ಸಾಲದೆ ಊಟದ ಮೇಜನ್ನು ತಾರಸಿಗೆ ಸಾಗಿಸಬೇಕಾಯಿತು. ಬಾಗಿಲು ಇವತ್ತಿಗೂ ನಡುಮನೆಯ ಗೋಡೆಗೆ ಒರಗಿ ನಿಂತು ಒದ್ದೆ ಟವೆಲುಗಳನ್ನು ಒಣಗಿಸುವ ಸೇವೆ ಸಲ್ಲಿಸುತ್ತಿದೆ.

ನಮ್ಮ ಮನೆಯವರು ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವವರು. ಅಂಗೈಗಿಂತ ಚಿಕ್ಕದಾದ ಯಾವುದನ್ನೇ ಕೊಟ್ಟರೂ ಬಿಚ್ಚಿ ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ಅಂಗೈಗಿಂತ ದೊಡ್ಡದಾದ ತಮ್ಮ ಆರ್ಗನ್ನು ಅಂಗೈಗಿಂತ ಚಿಕ್ಕದಾದ ಸಾವಿರ ತುಂಡುಗಳ ಒಟ್ಟು ಮೊತ್ತವೆಂದು ಅವರು ಮೊದಲ ದಿನವೇ ಕಂಡುಕೊಂಡರು. ಅಂದಿನಿಂದ ನಮ್ಮ ಮನೆಯ ಗಾಳಿಯಲ್ಲಿ ಬೆಸುಗೆಯ ಹೊಗೆ, ಮಾತಿನಲ್ಲಿ ಕೆಪಾಸಿಟರು. ತಮ್ಮ ಬಂಧುಬಳಗದವರ ಬಗ್ಗೆ ನನ್ನ ದೂರಿಲ್ಲ, ಅವರೆಲ್ಲ ಬಲು ಮರ್ಯಾದಸ್ಥರು. ಗುಂಯ್ ಎಂದು ಸದಾ ಗೊಣಗುತ್ತಿದ್ದ ವಿದ್ಯುತ್ ಪೆಟ್ಟಿಗೆ, ಒಣಗಿದ ಕೆಪಾಸಿಟರು ಬದಲಾಯಿಸಿದ ಕೂಡಲೇ ಸುಮ್ಮನಾಯಿತು. ಪಿಟೀಲು ಎಂದು ಬರೆದ ಗುಂಡಿಯನ್ನು ಒತ್ತಿದರೆ ಸೊಳ್ಳೆಯ ದನಿ ಬರುತ್ತಿದ್ದದ್ದು ಈಗ ಸುಮಾರಾಗಿ ಪಿಟೀಲಿನ ದನಿಯೇ ಬರುತ್ತದೆ. ತಾಳದ ಡಬ್ಬಿ ಮಾತ್ರ ಯಾರೂ ಕೇಳದಿದ್ದರೂ ತನಗೆ ತೋಚಿದಾಗ ರುಂಬಾ ಕುಣಿತದ ತಾಳ ಬಾರಿಸುತ್ತದೆ, ವಯಸ್ಸಾದವರು ಹೀಗೆಯೇ ಎಂದು ಬಿಟ್ಟಿದ್ದೇವೆ.

ಇನ್ನು ಸ್ಪೀಕರಿನ ಉಪಕಾರವನ್ನು ನಾನು ಮರೆಯುವ ಹಾಗಿಲ್ಲ. ಯಾವುದೋ ತಂತಿ ಸಡಿಲವಾಗಿದ್ದ ದಿನಗಳಲ್ಲಿ ಅದು ಬೀದಿಯಲ್ಲಿ ಹೋಗುವ ಟ್ಯಾಕ್ಸಿಗಳ ವೈರ್‌ಲೆಸ್ ಮಾತನ್ನೆಲ್ಲ ಹಿಡಿದು ಕೇಳಿಸುತ್ತಿತ್ತು. ಒಂದು ಸಂಜೆ ನಾನು ಅಡುಗೆಮನೆಯಿಂದ "ಟೀ ಆರ್ತಾ ಇದೆ, ಬರ್ತೀರಾ ಇಲ್ವಾ?" ಎಂದು ಕೂಗಿದ್ದಕ್ಕೆ ಆರ್ಗನ್ನಿನ ಹೊಟ್ಟೆಯಿಂದ "ಬಂದೆ ಬಂದೆ, ಎರಡೇ ನಿಮಿಷ" ಎಂದು ಗಂಡಸಿನ ದನಿ ಕೇಳಿತು. ನಾನು ಕೂಗಿದ ಕೂಡಲೇ ಇಷ್ಟು ವಿನಯದಿಂದ ಓಗೊಟ್ಟ ಗಂಡಸು ಈ ಮನೆಯಲ್ಲಿ ಅವರೊಬ್ಬರೇ. ನಮ್ಮ ಮನೆಯವರು ಮರುದಿನವೇ ಆ ತಂತಿಯನ್ನು ಬಿಗಿ ಮಾಡಿಬಿಟ್ಟರು.

ಹೀಗೆ ಎಲ್ಲರೂ ಒಬ್ಬೊಬ್ಬರಾಗಿ ಬಾಯಿ ಬಿಟ್ಟ ಮೇಲೂ ಕ್ಯಾರೇ ಅನ್ನದೆ ಕೂತವರು ತಾವೊಬ್ಬರೇ. ಒತ್ತಿದರೆ ಬಗ್ಗುತ್ತೀರಿ, ಬಿಟ್ಟರೆ ಏಳುತ್ತೀರಿ, ದನಿ ಮಾತ್ರ ಇಲ್ಲ. ನಿಜ ಹೇಳಬೇಕೆಂದರೆ ಇದು ನಮ್ಮ ಕಚೇರಿಯ ದೊಡ್ಡ ಹುದ್ದೆಯವರಿಗಷ್ಟೇ ಸಿದ್ಧಿಸಿರುವ ಕಲೆ. ತಾವು ಒಪ್ಪುವುದಾದರೆ ತಮ್ಮನ್ನು ಬಿಚ್ಚಿ ನಮ್ಮ ಮೇಲಧಿಕಾರಿಗಳ ಕುರ್ಚಿಯಲ್ಲಿ ಕೂರಿಸಲು ಶಿಫಾರಸು ಮಾಡಬಲ್ಲೆ. ಸಾರ್ವಜನಿಕರಿಗೆ ವ್ಯತ್ಯಾಸ ತಿಳಿಯಲಾರದು.

ತಮಾಷೆ ಹಾಗಿರಲಿ, ನನ್ನ ನಿಜವಾದ ದೂರು ಅಕ್ಕನ ವಿಷಯದ್ದು. ಕಳೆದ ಚಳಿಗಾಲದಲ್ಲಿ ಅವರಿಗೆ ಸಣ್ಣದಾಗಿ ಪಾರ್ಶ್ವವಾಯು ತಗುಲಿತು. ಮಾತು ಉಳಿಯಿತು, ಕಾಲು ದಾರಿಗೆ ಬಂತು, ಬಲಗೈಯ ಕೊನೆಯ ಎರಡು ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಬೆರಳಿಗೆ ಕೆಲಸ ಕೊಡಿ, ಕೊಡದಿದ್ದರೆ ಕಲಿತದ್ದನ್ನೆಲ್ಲ ಮರೆತುಬಿಡುತ್ತವೆ ಎಂದು ಡಾಕ್ಟರು ಹೇಳಿ, ಹಿಸುಕುವುದಕ್ಕೆ ಒಂದು ರಬ್ಬರ್ ಚೆಂಡು ಕೊಟ್ಟರು. ಅಕ್ಕ ಅದನ್ನು ಪಕ್ಕದ ಮನೆಯ ನಾಯಿಗೆ ದಾನ ಮಾಡಿದರು. ನಮ್ಮ ಮನೆಯವರು ಆರ್ಗನ್ ತಂದದ್ದು ಆ ಚೆಂಡಿನ ಬದಲಿಗೆ. ಆದರೆ ಅಕ್ಕ ತಮಗೆ ಬೆನ್ನು ತಿರುಗಿಸಿ ಕುರ್ಚಿ ಹಾಕಿಕೊಂಡು, ಪೇಪರು ಹಿಡಿದು, "ಆ ಕರಿ ಮನೆ ಬಾಯಿ ಬಿಡಲಿ, ಆಮೇಲೆ ಕೂರ್ತೀನಿ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ನಮ್ಮ ಮನೆಯವರು ಅದನ್ನು ನಂಬಿ ದಿನವೂ ತಮ್ಮೆದುರು ಮಂಡಿಯೂರಿ ಕೂತರು.

ಹೋದ ಭಾನುವಾರ ಬೆಳಿಗ್ಗೆ ಕೀಲಿಮಣೆಯನ್ನು ಕಾರಿನ ಬಾನೆಟ್ಟಿನಂತೆ ಮೇಲಕ್ಕೆತ್ತಿ, ಅಂಗಡಿಯಿಂದ ತಂದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅವರು ತಮ್ಮ ಹೊಟ್ಟೆಯೊಳಗೆ ಇಣುಕಿದರು. ತಾವು ಬಗ್ಗಿದಾಗ ಕೆಳಗಿನ ಸರಳನ್ನು ಮುಟ್ಟಬೇಕಾದ, ಕೂದಲಿನಷ್ಟು ತೆಳುವಾದ ತಂತಿಯೊಂದು ಕೊಳೆ ಹಿಡಿದು ಸೊಟ್ಟಗಾಗಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ, ಚಿಮುಟದಿಂದ ಮೆಲ್ಲಗೆ ಬಗ್ಗಿಸಿ, ಒತ್ತಿದರು. ತಾವು ನುಡಿದಿರಿ! ನಮ್ಮ ಮನೆಯವರು ನನ್ನ ಕಡೆ ತಿರುಗಿ ನಕ್ಕ ನಗು ನಮ್ಮ ಮದುವೆಯ ಫೋಟೋದಲ್ಲೂ ಇಲ್ಲ. ಅಕ್ಕ ಪೇಪರಿನ ಹಾಳೆ ಮಗುಚಿ, "ಸರಿ ಹೋಯ್ತಾ? ಒಳ್ಳೇದಾಯ್ತು. ಕಾಲಲ್ಲಿ ಒತ್ತೋ ಹಲಗೆ ಕಿರುಗುಟ್ಟುತ್ತೆ ನೋಡು, ಅದೂ ಆಗಲಿ" ಎಂದರು. ನಮ್ಮ ಮನೆಯವರು ಕೂಡಲೇ ಎಣ್ಣೆ ಡಬ್ಬಿ ಹುಡುಕಲು ಹೋದರು.

ಆಗ ನನಗೆ ಅಳು ಬಂತು, ಮಾನ್ಯರೇ, ಸಿಟ್ಟಿನ ಅಳು. ಅಕ್ಕನಿಗೆ ಬೇಕಾಗಿದ್ದದ್ದು ತಮ್ಮ ದನಿಯಲ್ಲ, ತಮ್ಮ ಮೌನ. ತಾವು ಸರಿಯಿಲ್ಲದಿರುವಷ್ಟು ದಿನ ಅವರ ಬೆರಳು ಸರಿಯಿಲ್ಲ ಎಂಬುದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ, ಮುಖ್ಯವಾಗಿ ಅವರಿಗೇ ಗೊತ್ತಾಗುವ ಹಾಗಿರಲಿಲ್ಲ. ಅಕ್ಕನಿಗೆ ಹೆದರಿಕೆ. ತುಂಬಿದ ಅಂಗಳವನ್ನು ಬೆರಳ ತುದಿಯಲ್ಲಿ ಸುತ್ತಿಸುತ್ತಿದ್ದವರಿಗೆ ಒಂದು ಸ್ಟೂಲಿನ ಮೇಲೆ ಕೂರಲು ಹೆದರಿಕೆ. ಇದು ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತು, ಆದ್ದರಿಂದ ಈ ಪತ್ರವನ್ನು ಅವರು ಓದಿದರೂ ಹೊಸ ವಿಷಯವೇನೂ ಸಿಗದು.

ನಾನೇ ಹೋಗಿ ಸ್ಟೂಲಿನ ಮೇಲೆ ಕೂತೆ. ಅಂಗಳದಲ್ಲಿ ಕಡೆಯ ಸುತ್ತಿಗೆ ಅಕ್ಕ ನುಡಿಸುತ್ತಿದ್ದ ಒಂದು ಹಾಡಿದೆ. ಅದು ಕೇಳಿಸಿದರೆ ಸ್ಕೇಟು ಬಿಚ್ಚಿ ಕೌಂಟರಿಗೆ ಕೊಟ್ಟು ಮನೆಗೆ ಹೊರಡಬೇಕೆಂದು ನಾನು ಅಲ್ಲಿ ಸುತ್ತುತ್ತಿದ್ದ ಹುಡುಗಿಯಾಗಿದ್ದಾಗಿನಿಂದ ಬಲ್ಲೆ. ಅದನ್ನೇ ತೋರುಬೆರಳೊಂದರಿಂದ ನುಡಿಸಲು ಹೊರಟೆ. ನಾಟಕವಾಡಿದೆನೆಂದು ತಿಳಿಯಬೇಡಿ, ನನ್ನ ಪೂರ್ಣ ಸಾಮರ್ಥ್ಯವೇ ಅಷ್ಟು. ಪೇಪರಿನ ಹಿಂದಿನಿಂದ ಮೊದಲು "ಅಲ್ಲಿ ಅಲ್ಲ" ಎಂದು ಬಂತು. ಆಮೇಲೆ "ಅಯ್ಯೋ, ಅದಲ್ಲ ಕಣೇ, ಪಕ್ಕದ ಕರಿ ಮನೆ!" ಎಂದು ಬಂತು. ಮತ್ತೂ ಒಂದು ಸಲ ತಪ್ಪಿದ್ದಕ್ಕೆ ಅಕ್ಕನೇ ಎದ್ದು ಬಂದು, "ಏಳು, ಎದ್ದೇಳು ಮೊದಲು. ಹಾಡನ್ನ ಕೊಂದೇಬಿಟ್ಯಲ್ಲ!" ಎಂದು ನನ್ನ ಭುಜ ತಳ್ಳಿದರು. ನಾನು ಎದ್ದೆ. ಅವರು ಕೂತರು. ಕೂತ ಮೇಲೆಯೇ ತಾನು ಕೂತುಬಿಟ್ಟಿದ್ದೇನೆಂದು ಅವರಿಗೆ ತಿಳಿದದ್ದು.

ಎಡಗೈ ಕೆಳಗಿನ ಸಾಲಿನಲ್ಲಿ ಹಳೆಯ ದಾರಿ ಹಿಡಿದು ಹೊರಟಿತು. ಬಲಗೈ ಅನುಮಾನಿಸುತ್ತ ಹಿಂದೆ ಬಂತು, ಮೂರು ಕರಿ ಮನೆಗಳನ್ನು ಸೇರಿತು, ತಮ್ಮನ್ನು ಒತ್ತಿತು. ಆಗಷ್ಟೇ ಗಂಟಲು ಬಿಟ್ಟು ನುಡಿದಿದ್ದ ತಾವು ಆ ಗಳಿಗೆಯಲ್ಲಿ ಮತ್ತೆ ಬಾಯಿಗೆ ಬೀಗ ಹಾಕಿಕೊಂಡಿರಿ. ಎಲ್ಲ ಮುಗಿಯಿತು, ಅಕ್ಕ ಇನ್ನು ಏಳುತ್ತಾರೆ ಎಂದುಕೊಂಡೆ. ಅಕ್ಕ ಏಳಲಿಲ್ಲ. ಬಾಯಿ ಮುಚ್ಚಿಕೊಂಡೇ, ತಾವು ಕೊಡಬೇಕಾಗಿದ್ದ ದನಿಯನ್ನು "ಊಂ" ಎಂದು ಅವರೇ ಕೊಟ್ಟು ಮುಂದಿನ ಮನೆಗೆ ದಾಟಿಬಿಟ್ಟರು. ಹಾಡು ಸುತ್ತಿ ಬಂತು, ಮತ್ತೆ ಊಂ. ಆ ಎರಡು ಬೆರಳು ಎಡವಿದವು, ಜಾರಿದವು, ಪಕ್ಕದವರ ಮೇಲೆ ಬಿದ್ದವು. ಆದರೆ ನಾವೆಲ್ಲ ತಮ್ಮ ಸರದಿ ಬರುವುದನ್ನೇ ಕಾಯುತ್ತಿದ್ದುದರಿಂದ ಆ ತಪ್ಪುಗಳು ಯಾರ ಕಿವಿಗೂ ಬೀಳಲಿಲ್ಲ. ಎಣ್ಣೆ ಡಬ್ಬಿ ಹಿಡಿದು ಬಂದ ನಮ್ಮ ಮನೆಯವರೂ ಉತ್ಸಾಹ ತಡೆಯಲಾರದೆ ಊಂ ಎಂದರು. ಅಕ್ಕ ತಲೆ ತಿರುಗಿಸದೆ, "ನೀನು ಸುಮ್ನಿರು, ಶ್ರುತಿ ಕೆಡುತ್ತೆ" ಎಂದರು. ಮನೆಗೆ ಹೊರಡಿ ಎಂದು ಹೇಳುವ ಆ ಹಾಡನ್ನು ಮುಗಿಸಿ, ಅಕ್ಕ ಅದನ್ನು ಮತ್ತೆ ಮೊದಲಿನಿಂದ ನುಡಿಸಿದರು.

ಇದರಿಂದಾಗಿ ನನ್ನ ದೂರು ತಲೆಕೆಳಗಾಗಿದೆ. ಅಕ್ಕ ಈಗ ದಿನವೂ ಕೂರುತ್ತಾರೆ, ನಮ್ಮ ಮನೆಯವರು ದಿನವೂ "ಇನ್ನೊಂದು ಚೂರು ಬಗ್ಗಿಸಿದ್ರೆ ಸರಿ ಹೋಗುತ್ತೆ" ಎಂದು ಚಿಮುಟ ಹುಡುಕುತ್ತಾರೆ. ಚಿಮುಟವನ್ನು ಸಕ್ಕರೆ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ಆದರೆ ಅವರ ಅಂಗಡಿಯ ಡ್ರಾಯರಿನಲ್ಲಿ ಅಂಥವು ರಾಶಿ ಬಿದ್ದಿವೆ. ಆದ್ದರಿಂದ ತಾವು ನಮ್ಮ ಮನೆಯವರು ಒತ್ತಿದಾಗ ಅವರ ಸಮಾಧಾನಕ್ಕೆ ತಪ್ಪದೆ ನುಡಿಯಬೇಕೆಂದೂ, ಅಕ್ಕ ಒತ್ತಿದಾಗ ಮಾತ್ರ ಈಗಿನಂತೆಯೇ ಘನ ಮೌನವನ್ನು ಪಾಲಿಸಬೇಕೆಂದೂ, ಯಾರ ಬೆರಳೆಂಬುದನ್ನು ಉಗುರಿನಿಂದಲೋ ರೇಖೆಯಿಂದಲೋ ತಾವೇ ಗುರುತಿಸಿಕೊಳ್ಳಬೇಕೆಂದೂ, ಆ ಎರಡು ಬೆರಳು ಪೂರ್ತಿ ಮಾತು ಕೇಳುವ ದಿನ ಬಂದಾಗ ಯಾರಿಗೂ ಮುನ್ಸೂಚನೆ ಕೊಡದೆ ಗಟ್ಟಿಯಾಗಿ ದನಿಗೂಡಿಸಿ ಅಕ್ಕನನ್ನು ಬೆಚ್ಚಿಬೀಳಿಸಬೇಕೆಂದೂ, ಸಾಧ್ಯವಾದರೆ ತಾರಸಿಯಲ್ಲಿ ಬಿಸಿಲು ಕಾಯುತ್ತಿರುವ ಊಟದ ಮೇಜಿನ ಬಗ್ಗೆ ಒಂದು ಮಾತು ಹೇಳಬೇಕೆಂದೂ ವಿನಯದಿಂದ ಕೋರುತ್ತೇನೆ. ಉತ್ತರ ಬರೆಯುವ ಶ್ರಮ ಬೇಡ. ಪರಿಶೀಲನೆಯಲ್ಲಿದೆ ಎಂಬ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿದೆ.

ಇಂತು, ಮಂಡಿಯ ಮೇಲಿನ ತಟ್ಟೆ ಜಾರದಂತೆ ಕೈಮುಗಿಯುತ್ತ,

ತಮ್ಮ ವಿಶ್ವಾಸಿ,
ತಮಗೆ ಜಾಗ ಬಿಟ್ಟುಕೊಟ್ಟ ಮೇಜಿನ ಒಡತಿ

ಮರೆತ ಮಾತು: ಇದನ್ನು ಬರೆದು ಮುಗಿಸುವಷ್ಟರಲ್ಲಿ ನಮ್ಮ ಮನೆಯವರು ಬಿಡಿಭಾಗಗಳಿಗೆಂದು ಇನ್ನೊಂದು ಆರ್ಗನ್ ತಂದಿದ್ದಾರೆ. ಅದಕ್ಕಾಗಿ ಮಲಗುವ ಕೋಣೆಯ ಬಾಗಿಲನ್ನೂ ಕಳಚಲಾಗಿದೆ, ಕಳಚಿದವರು ಅದೇ ಗಾರೆ ಮೇಸ್ತ್ರಿ. ಅದರ ಮನೆಗಳೆಲ್ಲ ಮೂಕ. ನುಡಿಯುವವರು ಒಬ್ಬರೇ: ಮೇಲಿನ ಸಾಲಿನಲ್ಲಿ, ಮೂರು ಕರಿ ಮನೆಗಳ ನಡುವೆ, ಇಲ್ಲಿ ತಾವಿರುವ ಜಾಗದಲ್ಲೇ ಅಲ್ಲಿ ಕೂತಿರುವ ತಮ್ಮ ಬಂಧು. ಅವರನ್ನು ಕಿತ್ತು ತಮ್ಮ ಜಾಗಕ್ಕೆ ಕೂರಿಸುವ ಏರ್ಪಾಡು ನಡೆದಿತ್ತು. ಅಕ್ಕ ಅವರನ್ನು ಆ ಮಾತು ಕೇಳದ ಬೆರಳಿನಿಂದಲೇ ಒಮ್ಮೆ ಒತ್ತಿ, ಕಿವಿಗೊಟ್ಟು ಕೇಳಿ, "ಬೇಡ ಬಿಡು, ನನ್ನ ಊಂ ಅನ್ನೋದೇ ವಾಸಿ" ಎಂದಿದ್ದಾರೆ.